ಗೇಟಿಗೆ ಅಂಟಿದ ಚನ್ನವೀರೇಶ

ಮೊಬೈಲಿನ ರಮ್ಮಿಯನ್ನು ಸರ್ಕಾರ ಕಾನೂನು ತಂದು ನಿಲ್ಲಿಸಿದ ದಿನ ಚನ್ನವೀರೇಶನ ಹೆಂಡತಿ ಶರಣ್ಯಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಈ ಮಹಾರಾಯ ಮಾರನೇ ದಿನವೇ ಸುಂಕದಕಟ್ಟೆಯಲ್ಲೊಂದು ಇಸ್ಪೀಟಿನ ಕ್ಲಬ್ಬು ಹುಡುಕಿಕೊಂಡ. ಅವಳು ದೀಪಾಂಜಲಿ ನಗರದ ತವರಿಗೆ ಹೋಗಿ ಕೂತಳು. "ನೀವು ಇಸ್ಪೀಟೆಲೆ ಬಿಟ್ಟಿದೀರಿ ಅಂತ ನಂಬಿಕೆ ಬಂದ ದಿನ ಬರ್ತೀನಿ" ಎಂದಿದ್ದಳು.

ಪೊಲೀಸರ ಭಯಕ್ಕೆ ಕ್ಲಬ್ಬಿನವರೂ ಒಂದು ನಿಯಮ ಮಾಡಿದ್ದರು. ಚಟ ಬಿಡಬೇಕೆನ್ನುವವನು ಬರೆದುಕೊಟ್ಟರೆ ಒಂದು ವರ್ಷ ಅವನನ್ನು ಒಳಗೆ ಬಿಡುವುದಿಲ್ಲ. ಚನ್ನವೀರೇಶ ಮನಸ್ಸು ಗಟ್ಟಿಮಾಡಿ ಬರೆದುಕೊಟ್ಟ. ಆದರೆ "ಈ ವ್ಯಕ್ತಿಯನ್ನು ಒಳಗೆ ಬಿಡಬಾರದು" ಎಂದು ಅವನ ಫೋಟೊವನ್ನು ಗೇಟಿಗೇ ಅಂಟಿಸುತ್ತಾರೆಂದು ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ಹಾಲಿಗೆ ಹೊರಟವನನ್ನು ಎದುರುಮನೆ ಕಮಲಾಕ್ಷಮ್ಮ ಹಿಡಿದರು.

"ಏನ್ರೀ ಕದ್ದಿದ್ದು ಆ ಕ್ಲಬ್ಬಲ್ಲಿ? ಗೇಟಲ್ಲಿ ನಿಮ್ಮ ಫೋಟೊ ಕಣ್ಣಾರೆ ನೋಡ್ದೆ, ಮೊಬೈಲಲ್ಲಿ ಅದರ ಫೋಟೊನೂ ತೆಕ್ಕೊಂಡೆ!"

ಅವನು ಬಾಯಿ ಬಿಡುವಷ್ಟರಲ್ಲಿ ಮನೆ ಓನರ್ ಮುನಿಯಪ್ಪ ಇಳಿದು ಬಂದರು. "ನೋಡಿ, ಸಂಜೆಯೊಳಗೆ ಆ ಫೋಟೊ ಹೋಗ್ಬೇಕು. ಇಲ್ಲಾಂದ್ರೆ ನೀವು ಹೋಗ್ಬೇಕು."

ಮನೆಯೇ ಹೋದರೆ ಶರಣ್ಯಾ ವಾಪಸು ಬರುವುದಾದರೂ ಎಲ್ಲಿಗೆ? ಚನ್ನವೀರೇಶ ಕ್ಲಬ್ಬಿಗೆ ಓಡಿದ.

ವಾಚ್‌ಮನ್ ಭೈರೇಶ್ ಫೋಟೊ ನೋಡಿದ, ಮುಖ ನೋಡಿದ. "ನೀವೇ ಸಾರ್. ಬಿಡೋ ಹಾಗಿಲ್ಲ."

"ಅದನ್ನ ಕಿತ್ತಾಕಣ್ಣ."

"ಕೀಳೋಕೆ ಸೆಕ್ರೆಟರಿ ಹೇಳ್ಬೇಕು."

"ಎಲ್ಲಿದಾರೆ?"

"ಒಳಗೆ."

ಕೊನೆಗೆ ಹಿಂದಿನ ಕಾಂಪೌಂಡು ಹತ್ತಿ ಹಾರಿದ. ಪ್ಯಾಂಟು ಹರಿಯಿತು, ಒಂದು ಚಪ್ಪಲಿ ಮೋರಿಯ ಪಾಲಾಯಿತು. ಒಂಟಿ ಚಪ್ಪಲಿಯಲ್ಲಿ ಒಳಗೆ ಬಂದಾಗ ಸೆಕ್ರೆಟರಿ ರಾಜೇಂದ್ರ ಆಟದ ಮಧ್ಯೆ ಇದ್ದರು. ಇವನು ಗೇಟಿನ ಫೋಟೊ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು.

"ಫೋಟೊನಾ? ತೆಗೆಸೋಣ ಬಿಡಿ. ಇದನ್ನೊಂದ್ನಿಮಿಷ ಹಿಡ್ಕೊಳ್ಳಿ" ಎಂದು ಎಲೆಗಳನ್ನು ಅವನ ಕೈಗಿಟ್ಟು ಎದ್ದುಹೋದರು.

ಸುಮ್ಮನೆ ಹಿಡಿದುಕೊಂಡಿದ್ದರೆ ಸಾಕಿತ್ತು. ಪಾಪಿ ಬೆರಳುಗಳು ತಾವಾಗಿಯೇ ಎಲೆ ಜೋಡಿಸತೊಡಗಿದವು. ಎಂಥ ಎಲೆ! ಇನ್ನೊಂದು ಬಂದರೆ ಆಟ ಮುಗಿದಂತೆ. ಕುರ್ಚಿಯಲ್ಲಿ ಕೂತದ್ದು ಅವನಿಗೇ ತಿಳಿಯಲಿಲ್ಲ.

"ರೀ."

ಬಾಗಿಲಲ್ಲಿ ಶರಣ್ಯಾ. ಕೈಯಲ್ಲಿ ಸ್ವೀಟಿನ ಡಬ್ಬಿ.

"ಕಮಲಾಕ್ಷಮ್ಮ ಗೇಟಿನ ಫೋಟೊ ಕಳ್ಸಿದ್ರು. ನೋಡಿ, ಮೊದಲನೇ ಸಲ ನಂಬಿಕೆ ಬಂತು. ಸೆಕ್ರೆಟರಿಗೊಂದು ಥ್ಯಾಂಕ್ಸ್ ಹೇಳಿ ಮನೆಗೆ ಹೋಗೋಣ ಅಂತ ಬಂದೆ."

ಚನ್ನವೀರೇಶ ಎಲೆ ಹಿಡಿದುಕೊಂಡೇ ಎದ್ದುನಿಂತ. ನಿಜ ಹೇಳಿಬಿಟ್ಟರೆ ಬಚಾವಾಗಬಹುದು ಎಂದುಕೊಂಡ ಪಾಪ.

"ಅಯ್ಯೋ, ಆ ಫೋಟೊ ತೆಗೆಸೋಕೇ ನಾನು ಒಳಗೆ ಬಂದಿದ್ದು ಕಣೇ!"

"ಗೊತ್ತಾಯ್ತು ಬಿಡಿ" ಎಂದಳು ಶರಣ್ಯಾ. ಅವಳ ಬಟ್ಟೆಯ ಬ್ಯಾಗು ಇನ್ನೂ ಹೊರಗೆ ನಿಂತಿದ್ದ ಆಟೋದಲ್ಲೇ ಇತ್ತು. ಇಳಿಸುವ ಕೆಲಸ ತಪ್ಪಿತು.