ಬಸ್ ಏಳಕ್ಕೆ ಹಾಕಿದ ಫಾಲ್ಟ್ ತೆಗೆಯುವ ಬಗ್ಗೆ

ಇಂದ:
ಮುನಿಶಾಮಪ್ಪನವರ ಮಗಳು ಶಿಲ್ಪ,
ಕಸ ಗುಡಿಸುವ ಮತ್ತು ಟೀ ಕೊಡುವ ಕೆಲಸ,
ಸೂಲಿಬೆಲೆ.

ಗೆ:
ಕಾಂತರಾಜು ಸಾಹೇಬರು,
ಕರೆಂಟ್ ಲೈನುಗಳ ಲೆಕ್ಕದ ಕಚೇರಿ,
ವಿಮಾನ ನಿಲ್ದಾಣದ ರಸ್ತೆ, ದೇವನಹಳ್ಳಿ.

ವಿಷಯ: ಕಂಪ್ಯೂಟರಿನ ಬಸ್ಸೇ ಬೇರೆ, ಡ್ರೈವರ್ ಆಂಜಿನಪ್ಪನವರ ಬಸ್ಸೇ ಬೇರೆ ಎಂದು ಚೀಟಿ ಕೋರಿ.

ಉಲ್ಲೇಖ: ಇದೇ ವಿಷಯದ ನನ್ನ ಹಿಂದಿನ ಎರಡು ಅರ್ಜಿಗಳು.

ಮಾನ್ಯರೇ,

ಈ ದಿನವೂ ತಡವಾಗಿ ಬಂದು, ತಮ್ಮ ಮೇಜು ಒರೆಸಿ, ಕೀಬೋರ್ಡಿನ ಸಂದಿಯ ಖಾರಾಬೂಂದಿ ಉದುರಿಸಿ, ಯಾರನ್ನೂ ಮಾತಾಡಿಸದೆ ಈ ಅರ್ಜಿಯನ್ನು ಟೀ ಲೋಟದ ಕೆಳಗೆ ಇಟ್ಟಿರುತ್ತೇನೆ.

೧. ಕಳೆದ ತಿಂಗಳು ನಾನು ನೆಲ ಒರೆಸುವಾಗ ಇಂಜಿನಿಯರ್ ಸಿದ್ದರಾಜು ಅವರು ಪಕ್ಕದವರಿಗೆ, "ಬಸ್ ಏಳಕ್ಕೆ ತ್ರೀ ಫೇಸ್ ಫಾಲ್ಟ್ ಹಾಕ್ಬಿಡು ಗುರು, ಎಷ್ಟು ಕರೆಂಟ್ ಹರಿಯುತ್ತೆ ನೋಡೋಣ" ಎಂದರು. ಪರದೆಯ ಮೇಲೆ ಕೆಂಪು ಗೆರೆ ಗುಡ್ಡದಂತೆ ಎದ್ದಿತು. ನೋಡಿ ನಕ್ಕರು.

೨. ನಾನು ದಿನವೂ ಬರುವ ಖಾಸಗಿ ಬಸ್ಸಿನ ಗಾಜಿನ ಮೇಲೆ ೭ ಎಂದು ಬರೆದಿದೆ. ಬೋರ್‌ವೆಲ್ ಇರುವ ಮನೆಯವಳಾದ ಕಾರಣ ತ್ರೀ ಫೇಸ್ ಏನೆಂದು ನನಗೆ ಗೊತ್ತು. ಕೇಳಲು ನಾಚಿಕೆಯಾಯಿತು. ಆದ್ದರಿಂದ ಕೇಳಲಿಲ್ಲ. ಆದ್ದರಿಂದ ಅಮ್ಮನಿಗೆ ಹೇಳಿದೆ. ಆದ್ದರಿಂದ ಊರಿಗೆಲ್ಲ ಗೊತ್ತಾಯಿತು.

೩. ಮರುದಿನ ಎಲ್ಲರೂ ರಬ್ಬರ್ ಚಪ್ಪಲಿ ಹಾಕಿಕೊಂಡು ಬಸ್ ಹತ್ತಿದರು. ಕಬ್ಬಿಣದ ಕಂಬಿಯನ್ನು ಯಾರೂ ಮುಟ್ಟಲಿಲ್ಲ. ಹಸು ಅಡ್ಡ ಬಂದು ಆಂಜಿನಪ್ಪನವರು ಬ್ರೇಕ್ ಹಾಕಿದ ಕಾರಣ ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರಿಗಿಂತ ಕೆಳಗೆ ಅಮ್ಮ ಇದ್ದರು. ಅಲ್ಲಿಂದಲೇ, "ನಮ್ ಶಿಲ್ಪ ಹೇಳಿರ್ಲಿಲ್ವಾ, ಹೊಡೀತು ನೋಡ್ರೋ ಕರೆಂಟು!" ಎಂದು ಕೂಗಿದರು.

೪. ಅಂದಿನಿಂದ ಆಂಜಿನಪ್ಪನವರು ನನ್ನನ್ನು ಹತ್ತಿಸುತ್ತಿಲ್ಲ. ಸಿದ್ದರಾಜು ಅವರನ್ನು ಕೊನೆಗೂ ಕೇಳಿದೆ. ಅವರ ಬಸ್ ಎಂದರೆ ಲೈನುಗಳು ಕೂಡುವ ಜಾಗವಂತೆ, ನಕ್ಷೆಯಲ್ಲಿ ಬರೀ ಒಂದು ಗೆರೆಯಂತೆ. ಫಾಲ್ಟ್ ಎಂದರೆ ಶಾರ್ಟ್ ಸರ್ಕ್ಯೂಟಂತೆ, ಸುಮ್ಮನೆ ಹಾಕಿ ನೋಡುವುದಂತೆ, ಕಂಪ್ಯೂಟರಿನಿಂದ ಹೊರಗೆ ಬರುವುದಿಲ್ಲವಂತೆ. ಇದನ್ನೇ ಆಂಜಿನಪ್ಪನವರಿಗೆ ಹೇಳಿದೆ. "ಗೆರೆನೇ ಬಸ್ಸಾ? ಹಂಗಾದ್ರೆ ಅದರ ಮೇಲೇ ಕೂತ್ಕೊಂಡು ಹೋಗವ್ವಾ. ಇಲ್ಲ, ನಿಮ್ ಸಾಹೇಬ್ರ ಕೈಲಿ ಬರೆಸ್ಕೊಂಡು ಬಾ, ಹತ್ತಿಸ್ತೀನಿ" ಎಂದರು.

೫. ಈಗ ಹಾಲಿನ ವ್ಯಾನಿನಲ್ಲಿ ಬರುತ್ತಿದ್ದೇನೆ. ಅದು ಪ್ರತಿ ಡೇರಿಯ ಮುಂದೆಯೂ ನಿಲ್ಲುವ ಕಾರಣ ತಡವಾಗುತ್ತದೆ. "ಸೋಮವಾರದಿಂದ ಒಂಬತ್ತಕ್ಕೆ ಬಾ, ಇಲ್ಲ ಬರಲೇಬೇಡ" ಎಂದು ತಾವು ಹೇಳಿರುತ್ತೀರಿ. ಪರದೆಯ ಕೆಂಪು ಗೆರೆ ಕಣ್ಣು ಮಿಟುಕಿಸುವುದರೊಳಗೆ ಇಳಿದು ನೆಟ್ಟಗಾಯಿತು. ನನ್ನದು ಇಪ್ಪತ್ತೆರಡು ದಿನವಾದರೂ ಇಳಿದಿಲ್ಲ.

ಆದ್ದರಿಂದ, ಸೋಮವಾರಕ್ಕೆ ಮುಂಚೆ ಒಂದು ಸಾಲು ಬರೆದು, ಸೀಲು ಹಾಕಿ ಕೊಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸದ, ಇನ್ನೂ ಕೆಲಸದಲ್ಲಿರುವ,
ಶಿಲ್ಪ

ಲಗತ್ತುಗಳು:
೧. ಹಿಂದಿನ ಎರಡು ಅರ್ಜಿಗಳು (ತಮ್ಮ ಕಸದ ಬುಟ್ಟಿಯಲ್ಲಿ ಸಿಕ್ಕವು, ಇಸ್ತ್ರಿ ಮಾಡಿದೆ).
೨. ಖಾಲಿ ಹಾಳೆ ಒಂದು, ಪೆನ್ನು ಒಂದು.

ವಿ.ಸೂ.: ಇದನ್ನೂ ಬುಟ್ಟಿಗೆ ಹಾಕುವುದಾದರೆ ಮುದುರದೆ ಹಾಕಬೇಕಾಗಿ ವಿನಂತಿ. ನಾಳೆ ನಮ್ಮೂರಲ್ಲಿ ಕರೆಂಟ್ ಇರುವುದಿಲ್ಲ.