ತಡ ಇದ್ರಿಸನ ಹೊಸ ಹೆಸರು

ಇದ್ರಿಸ್ ಮಾರಿದ ಚಿಪ್ಪುಮಾಂಸ ತಿಂದ ಮೆಕ್ಯಾನಿಕ್ ಬೆಳಿಗ್ಗೆಯಿಂದ ಕಕ್ಕಸು ಬಿಟ್ಟು ಹೊರಗೆ ಬಂದಿರಲಿಲ್ಲ. ಬೇರೆ ದಿನವಾಗಿದ್ದರೆ ವೇಲ್ಸ್ ಕಡಲತೀರದ ನಮ್ಮ ಪೆಂಡೈನಿನ ಜನ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅವನು ಕ್ಯಾಪ್ಟನ್ ಹಾರ್ವುಡ್ ಸಾಹೇಬರ ಮೆಕ್ಯಾನಿಕ್. ಸಾಹೇಬರು ಇಂಗ್ಲೆಂಡಿನಿಂದ ತಂದಿದ್ದ ಕಾರಿನ ಹೆಸರು ಮೇಬಲ್. ವಿಮಾನದ ಎಂಜಿನ್ ಹೊತ್ತ ಆ ದೈತ್ಯೆ ಅವತ್ತು ನಮ್ಮ ಮರಳ ದಂಡೆಯ ಮೇಲೆ ಓಡಿ ಲೋಕದ ವೇಗದ ದಾಖಲೆ ಮುರಿಯಬೇಕಿತ್ತು. ಪಕ್ಕದಲ್ಲಿ ಕೂತು ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಕೈಪಂಪು ಒತ್ತುವುದಕ್ಕೆ ಒಬ್ಬ ಬೇಕೇ ಬೇಕು.

"ನಿನ್ನ ಚಿಪ್ಪು ತಾನೇ ಅವನನ್ನ ಕೆಡವಿದ್ದು? ನೀನೇ ಹತ್ತು," ಎಂದ ರೊಟ್ಟಿ ಮೋರ್ಗನ್.

"ಅಯ್ಯೋ, ನಂಗೆ ಕತ್ತೆಗಾಡಿ ಓಡ್ಸೋಕೇ ಭಯ ಕಣೋ!"

ನಮ್ಮೂರಲ್ಲಿ ಇದ್ರಿಸರು ಐದು ಜನ. ಹೆಸರಿನ ಹಿಂದೆ ಕಸುಬೋ ಎಡವಟ್ಟೋ ಅಂಟದೆ ಯಾರ ಗುರುತೂ ಸಿಗದು. ಈ ಪುಣ್ಯಾತ್ಮ ತನ್ನ ಮದುವೆಗೇ ಒಂದು ಗಂಟೆ ತಡವಾಗಿ ಬಂದ. ಅಂದಿನಿಂದ ತಡ ಇದ್ರಿಸ್. ಶಾಲೆಯಲ್ಲಿ ಮಗಳೂ ತಡ ನೆಸ್ಟಾ ಆಗಿದ್ದಳು.

ಹೆಂಡತಿ ಗ್ವೆನ್ಲಿಯನ್ ಅವನ ಕಿವಿಯಲ್ಲಿ ಹೇಳಿದಳು: "ಹತ್ರೀ. ಇಳಿದ್ಮೇಲೆ ಈ ಹಾಳು ಹೆಸರು ಹೋಗುತ್ತೆ. ಮಗಳ ಮುಖ ನೋಡಿಯಾದ್ರೂ ಹತ್ರೀ."

ಇದ್ರಿಸ್ ಕಣ್ಣು ಮುಚ್ಚಿ ಹತ್ತಿದ.

"ಅರ್ಧ ಗಂಟೆಯೊಳಗೆ ಹೋಗಿ ಬರಬೇಕು. ಎರಡೂ ಓಟದ ಸರಾಸರಿ ತೆಗೀತಾರೆ. ನೆನಪಿರಲಿ," ಎಂದರು ಸಾಹೇಬರು.

ಮೇಬಲ್ ಗುಡುಗಿತು. ದಂಡೆಯ ಆಚೆ ತುದಿಯಲ್ಲಿ ನಿಂತಾಗ ಇದ್ರಿಸನ ಟೋಪಿ ಹಾರಿಹೋಗಿತ್ತು, ಹುಬ್ಬಿನ ತುಂಬ ಮರಳು. ಹಳೆಯ ದಾಖಲೆಗಿಂತ ಗಂಟೆಗೆ ಎರಡು ಮೈಲಿ ಹೆಚ್ಚು! ಅವನು ಖುಷಿಗೆ ಅಳುತ್ತಿದ್ದ.

ಟೈರು ಬದಲಿಸುವಷ್ಟರಲ್ಲಿ ಅಲ್ಲಿ ಕಾದಿದ್ದ ಜನ ಸುತ್ತುವರಿದರು. "ಇನ್ಮೇಲೆ ಗಾಳಿ ಇದ್ರಿಸ್ ಅನ್ನೋಣ," ಎಂದ ತನ್ನ ರೊಟ್ಟಿ ವ್ಯಾನಿನಲ್ಲಿ ಹಿಂದೆಯೇ ಬಂದಿದ್ದ ಮೋರ್ಗನ್.

"ಸಿಡಿಲು ಇದ್ರಿಸ್ ಅನ್ನಿ!" ಎಂದಳು ಅಂಚೆ ಟೆಗ್ವೆನ್.

ಪಾದ್ರಿ ಐನನ್ ಕೈಯೆತ್ತಿದರು. "ಗಲಾಟೆ ಬೇಡ. ನಮ್ಮ ಚಾಪೆಲ್ಲಿನ ಸಭೆಯ ಕ್ರಮದಲ್ಲೇ ಆಗಲಿ. ಸೂಚಿಸೋರು ಯಾರು? ಅನುಮೋದಿಸೋರು ಯಾರು?"

ಸೂಚನೆ ಬಂತು, ತಿದ್ದುಪಡಿ ಬಂತು, ತಿದ್ದುಪಡಿಗೊಂದು ತಿದ್ದುಪಡಿ ಬಂತು. ಟೈರು ಸಿದ್ಧವಾದರೂ ಇದ್ರಿಸ್ ಕದಲಲಿಲ್ಲ. ಮದುವೆಯ ದಿನದಿಂದ ಹದಿನೆಂಟು ವರ್ಷ ಕಾದಿದ್ದಾನೆ, ಈಗ ಬಿಟ್ಟು ಹೋಗುತ್ತಾನೆಯೇ? ಸಾಹೇಬರಿಗೆ ನಮ್ಮ ವೆಲ್ಷ್ ಮಾತು ಬಾರದು. ಕಪ್ಪು ಕೋಟಿನ ಪಾದ್ರಿಯನ್ನೂ ಮೇಲೆದ್ದ ಕೈಗಳನ್ನೂ ಕಂಡು, ತಮಗಾಗಿಯೇ ಪ್ರಾರ್ಥನೆ ನಡೆಯುತ್ತಿದೆ ಎಂದುಕೊಂಡರು. ಪಾಪ, ಹೆಲ್ಮೆಟ್ ತೆಗೆದು ತಲೆ ತಗ್ಗಿಸಿ ನಿಂತೇ ನಿಂತರು.

ಕೊನೆಗೆ ಗಾಳಿ ಇದ್ರಿಸ್ ಸರ್ವಾನುಮತದಿಂದ ಗೆದ್ದಿತು. "ಆಮೆನ್," ಎಂದರು ಸಾಹೇಬರು.

"ಮೂವತ್ತನಾಲ್ಕು ನಿಮಿಷ," ಎಂದ ಗಡಿಯಾರದವನು. "ಮುಗೀತು."

ಸಂಗತಿ ತಿಳಿದಾಗ ಸಾಹೇಬರು ಮೊದಲು ಕೆಂಡವಾದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋಗ್ಲಿ ಬಿಡು, ಮೇಬಲ್ ಓಡ್ತಾಳೆ ಅಂತ ಗೊತ್ತಾಯ್ತಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ದಂಡೆಯಿಂದ ಸಮುದ್ರದ ನೀರಿಳಿಯುತ್ತೆ, ಮತ್ತೆ ಓಡ್ಸೋಣ. ನೀನೇ ಬಾ."

ಇದ್ರಿಸನಿಗೆ ಜೀವ ಬಂತು. ಅಷ್ಟರಲ್ಲಿ ಅಂಚೆ ಕಚೇರಿಗೆ ಓಡಿದ್ದ ಟೆಗ್ವೆನ್ ಏದುಸಿರು ಬಿಡುತ್ತ ಮರಳಿದಳು. "ಲಂಡನ್ ಪತ್ರಿಕೆಗಳಿಗೆಲ್ಲ ತಂತಿ ಕಳಿಸ್ದೆ! 'ದಾಖಲೆ ತಪ್ಪಿತು. ಕಾರಣ, ತಡ ಇದ್ರಿಸ್.'"

"ಅಯ್ಯೋ ಟೆಗ್ವೆನಕ್ಕಾ! ಆ ಹೆಸರು ಬದಲಾಯ್ತಲ್ಲ!"

"ಅದನ್ನ ಬದಲಾಯಿಸೋಕೆ ಹೋಗಿ ತಾನೇ ತಡ ಆಗಿದ್ದು?"

ಇದ್ರಿಸ್ ನೇರ ಹೋಗಿ ಮೇಬಲ್ ಒಳಗೆ ಕೂತುಬಿಟ್ಟ. ಸಂಜೆ ಕಾರನ್ನು ಶೆಡ್ಡಿಗೆ ಎಳೆದೊಯ್ದಾಗಲೂ ಇಳಿಯಲಿಲ್ಲ. ನಾಳೆ ಹತ್ತರವರೆಗೂ ಇಳಿಯುವುದಿಲ್ಲವಂತೆ. ಗ್ವೆನ್ಲಿಯನ್ ನಗುತ್ತಲೇ ಊಟ ಅಲ್ಲಿಗೇ ಕಳಿಸಿದಳು.