ಗಂಡಿಕೋಟದ ತಾಲೀಮು

ಲಕ್ಷ್ಮೇಶ್ವರದ ಬಜಾರಿನಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟ ವಿರೂಪಾಕ್ಷಪ್ಪನವರು ಆ ರವಿವಾರ ಊಟಕ್ಕೆ ಕೂತವರು, ರೊಟ್ಟಿ ಮುರಿಯುವ ಮೊದಲೇ ಎದೆ ತಟ್ಟಿಕೊಂಡು ಸಾರಿದರು:

"ನೀಲಾ, ಬರೂ ಶನಿವಾರ ಗಂಡಿಕೋಟ! ನೀನು, ನಾನು, ಇಬ್ರಽ! ಎರಡು ದಿನ ಟ್ರೆಕ್ಕಿಂಗ್!"

ನೀಲಗಂಗವ್ವನ ಕೈಯಲ್ಲಿನ ಪಲ್ಯದ ಸೌಟು ಗಾಳಿಯಲ್ಲೇ ನಿಂತಿತು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಹೋದಾಗಲೆಲ್ಲ ಜೊತೆಗೆ ಬೀಗರು, ಬೀಗರ ಬೀಗರು, ಕೊನೆಗೊಂದು ಸ್ಟೋವು!

"ಅಲ್ಲೇನ್ ಐತ್ರಿ?"

"ಕಣಿವಿ! ಆಂಧ್ರದಾಗ ಕೆಂಪ ಕಲ್ಲಿನ ಗುಡ್ಡ ಸೀಳಿಕೊಂಡು ಆಳದಾಗ ಪೆನ್ನಾ ನದಿ ಹರಿತೈತಿ. ಅಮೇರಿಕಾದ ಮರಳುಗಾಡಿನ್ಯಾಗ ಅಂಥಾದ್ದೊಂದು ಐತೆಲ್ಲ, ಅದರ ತಮ್ಮ ಅಂತ ತಿಳಕೋ."

"ನೀವು ಮಾಳಿಗಿ ಹತ್ತಿದ್ರಽ ತೇಕತೀರಿ."

"ತೇಕೂದು ಪ್ಲಾನ್ ಇಲ್ಲದವ್ರು! ನಂದೆಲ್ಲಾ ಪ್ಲಾನ್ ಆಗೇತಿ!"

ಖರೆ. ಹಳೆಯ ಡೈರಿಯ ಏಳು ಪುಟ ತುಂಬ ಪ್ಲಾನು. ಊರಿನ ಅಶ್ಫಾಕನ ಬಾಡಿಗೆ ಕಾರು ಹೇಳಿಯಾಗಿತ್ತು, ಕಣಿವೆಯ ಹತ್ತಿರ ರೂಮು ಹಿಡಿದಾಗಿತ್ತು. ಎಷ್ಟು ಗಂಟೆಗೆ ಏಳುವುದು, ಎಲ್ಲಿ ಚಹಾ, ಯಾವ ಬಂಡೆಯ ಮೇಲೆ ನಿಂತು ಫೋಟೋ, ಎಲ್ಲವೂ ಬರೆದಾಗಿತ್ತು. ದಂಡೆತ್ತಿ ಹೋದ ಅರಸರೂ ಇಷ್ಟು ತಯಾರಿ ಮಾಡಿರಲಿಕ್ಕಿಲ್ಲ! ಐದನೆಯ ಪುಟದಲ್ಲಿ ಕೆಂಪು ಶಾಯಿಯ ಒಂದೇ ಸಾಲು: "ಮಂಗಳವಾರ ಮುಂಜಾನೆ ತಾಲೀಮು. ಭಾರ ಹೊತ್ತು ಶಿಗ್ಲಿಯವರೆಗೆ ನಡಿಗೆ."

ಮಂಗಳವಾರ ಮುಂಜಾನೆ ಹೊಸ ಬೂಟು ಹಾಕಿ, ತಲೆಗೆ ಬಿಳಿ ಟವೆಲ್ ಸುತ್ತಿ, ಬೆನ್ನಚೀಲದಲ್ಲಿ ಭಾರಕ್ಕೆಂದು ಎರಡು ಹಿತ್ತಾಳೆ ತಂಬಿಗೆ, ಒಂದು ಕಬ್ಬಿಣದ ಕುಟ್ಟಾಣಿ ಇಟ್ಟುಕೊಂಡು, ಕೈಯಲ್ಲಿ ಬಡಿಗೆ ಹಿಡಿದು ಅವರು ಶಿಗ್ಲಿ ದಾರಿ ಹಿಡಿದರು. ಎರಡು ಕಿಲೋಮೀಟರಿಗೆ ಬೂಟು ಕಚ್ಚತೊಡಗಿತು. ಮೂರನೆಯದಕ್ಕೆ ಎದುರಿನಿಂದ ಬಂದ ಟ್ರ್ಯಾಕ್ಟರಿನವನೊಬ್ಬ ಗಾಡಿ ನಿಲ್ಲಿಸಿದ.

"ಸಾವ್ಕಾರ್ರ, ಗಂಟು ಕಟಗೊಂಡು ಎಲ್ಲಿಗೆ? ಮನ್ಯಾಗ ಜಗಳೇನ್ರಿ?"

"ಇಲ್ಲೋ ಮಾರಾಯ, ಕಣಿವಿ ಇಳಿಯಾಕ ಹೊಂಟೇವಿ, ಅದಕ್ಕ ಪ್ರಾಕ್ಟೀಸು."

"ಕಣಿವಿ ಅಂದ್ರ?"

"ದೊಡ್ಡ ತಗ್ಗು."

"ತಗ್ಗು ನೋಡಾಕ ಅಷ್ಟ ದೂರ ಯಾಕ್ರಿ? ನಮ್ಮ ಓಣಿಗೆ ಬರ್ರಿ, ಬೇಕಾದಷ್ಟು ತೋರಿಸ್ತೇನಿ!"

ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ವಿರೂಪಾಕ್ಷಪ್ಪನವರ ಅರ್ಧ ಉಸಿರು ಹೋಯಿತು. ಇನ್ನಾರಿಗೂ ಕಣಿವೆಯ ಮಾತು ಹೇಳಬಾರದೆಂದು ಅಲ್ಲೇ ಆಣೆ ಮಾಡಿದರು. ಸ್ವಲ್ಪ ಮುಂದೆ ದಾರಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಶಂಕ್ರೆವ್ವ ಎಂಬ ಮುದುಕಿ ಕೂತಿದ್ದಳು. ಯುಗಾದಿಗೆ ಇನ್ನು ಹದಿನೈದು ದಿನ. ನಮ್ಮ ಕಡೆ ಶ್ರೀಶೈಲ ಮಲ್ಲಯ್ಯನಿಗೆ ನಡೆದು ಹೋಗುವವರು ಮನೆ ಬಿಡುವ ಕಾಲ. ಚೀಲ, ಬಡಿಗೆ, ಬೆವರು, ಕುಂಟುನಡಿಗೆ! ಮುದುಕಿ ನೋಡಿದವಳೇ ಕೈ ಮುಗಿದಳು.

"ಮಲ್ಲಯ್ಯನ ಕಡೆ ಹೊಂಟೀರೇನೋ ಯಪ್ಪಾ?"

ಹೌದು ಅಂದರೆ ಎರಡಕ್ಷರ. ಅಲ್ಲ ಅಂದರೆ ಅಮೇರಿಕಾದಿಂದ ಶುರು ಮಾಡಬೇಕು!

"ಹೌದು," ಅಂದರು ವಿರೂಪಾಕ್ಷಪ್ಪನವರು.

ಅಷ್ಟೇ! ಮುದುಕಿ ಕಾಲಿಗೆ ಬಿದ್ದಳು. ಒಳಗಿನಿಂದ ತಂಪು ಮಜ್ಜಿಗೆ ಬಂತು, ಬಾಳೆಹಣ್ಣು ಬಂತು. ವಿರೂಪಾಕ್ಷಪ್ಪನವರಿಗೆ ಸುಳ್ಳು ಇಷ್ಟು ರುಚಿಯಾಗಿರುತ್ತದೆಂದು ಗೊತ್ತೇ ಇರಲಿಲ್ಲ. ಎರಡನೆಯ ತಂಬಿಗೆ ಮಜ್ಜಿಗೆ ಕುಡಿಯುವಾಗ ಶಂಕ್ರೆವ್ವನ ಕಣ್ಣು ಬೂಟಿನ ಮೇಲೆ ಬಿತ್ತು.

"ಇದೇನ್ರಿ! ಬೂಟ್ ಹಾಕ್ಕೊಂಡು ಮಲ್ಲಯ್ಯನ ಕಡೆ?"

ಬೂಟು ಕಾಲು ಬಿಟ್ಟು ಕೊರಳಿಗೆ ಬಂತು.

"ಮತ್ತ, ಶ್ರೀಶೈಲ ಮೂಡಲಕ್ಕ ಐತಿ. ನೀವು ಪಡುವಲಕ್ಕ ಹೊಂಟೀರಲ್ಲ?"

ಒಂದು ಸುಳ್ಳು ಒಂಟಿಯಾಗಿ ಬಾಳುವುದುಂಟೇ? ಅದಕ್ಕೆ ಜೊತೆ ಬೇಕು.

"ಅದು... ಶಿಗ್ಲಿ ಮಂದಿನ್ನ ಕೂಡಿಕೊಂಡು ಹೋಗೂದು."

"ನಮ್ಮ ಉಡಚಪ್ಪನ ಕೂಡೇನು! ಅಂವ ಇಪ್ಪತ್ತ ವರ್ಷದಿಂದ ಮಂದಿನ್ನ ಕರಕೊಂಡು ಹೋಗ್ತಾನ. ಹಂಗಾರ ತಡೀರಿ!"

ಶಂಕ್ರೆವ್ವ ಒಳಗಿನಿಂದ ತೆಂಗಿನಕಾಯಿ ತಂದಳು. "ನನ್ನ ಸೊಸಿಗೆ ಒಂಬತ್ತ ತಿಂಗಳು. ಹೆರಿಗಿ ಸುಸೂತ್ರ ಆಗಲಿ ಅಂತ ಮಲ್ಲಯ್ಯನ ಮುಂದ ಒಡೀರಿ," ಎಂದು ಅವರ ಅಂಗೈಯಲ್ಲಿಟ್ಟು, ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು. ವಿರೂಪಾಕ್ಷಪ್ಪನವರ ಗಂಟಲವರೆಗೆ ನಿಜ ಬಂತು. ಆದರೆ ಮಜ್ಜಿಗೆಯ ಹಿಂದೆಯೇ ಕೆಳಗಿಳಿಯಿತು. ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೂ ಬಂದರು. ಒಬ್ಬರಿಗೆ ಮಗನ ಮದುವೆ, ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಕೊಳವೆಬಾವಿ. ಹರಕೆಗೊಂದು ಕಾಯಿ! ಹನ್ನೊಂದು ಕಾಯಿ ಚೀಲ ಸೇರಿದವು. ಮಲ್ಲಯ್ಯನ ಮಡದಿ ಭ್ರಮರಾಂಬೆಗೆಂದು ಒಂದು ಇಳಕಲ್ ಸೀರೆಯೂ ಸೇರಿತು.

ಕುಟ್ಟಾಣಿಯ ಮೇಲೆ ಕಾಯಿ, ಕಾಯಿಯ ಕೆಳಗೆ ಬೆನ್ನು, ಬೆನ್ನಿನ ಕೆಳಗೆ ಬರಿಗಾಲು, ಬರಿಗಾಲಿನ ಕೆಳಗೆ ಜಾಲಿಮುಳ್ಳು! ಮನೆಗಳು ಮರೆಯಾದ ಕೂಡಲೇ ಅವರು ರಸ್ತೆ ಮೇಲೆ ಕುಸಿದರು. ಅದೇ ಹೊತ್ತಿಗೆ ಅಶ್ಫಾಕನ ಕಾರು ಬಂತು. ದೇವರು ಅಂದರೆ ಇವನೇ! ಬಡಿಗೆ ಎತ್ತಿ ಬೀಸಿದರು.

ಅಶ್ಫಾಕ ಇಳಿದ. ಬರಿಗಾಲು ನೋಡಿದ, ಕಾಯಿ ನೋಡಿದ, ಗದ್ಗದಿತನಾದ.

"ಸಾವ್ಕಾರ್ರ! ಗಂಡಿಕೋಟ ಅಂತ ಹೇಳಿ, ಒಳಗಿಂದೊಳಗ ಪಾದಯಾತ್ರಿ?"

"ಅಶ್ಫಾಕ, ಮೊದಲ ಗಾಡಿ ಬಾಗಿಲ ತಗಿ. ಮನಿಗೆ ಬಿಡು."

"ಛೇ ಛೇ! ನೀವು ದಣದ ಹಿಂಗ ಅಂತೀರಿ. ಕಾಲನಡಿಗಿ ಬೇಡಿಕೊಂಡವ್ರನ್ನ ಗಾಡ್ಯಾಗ ಕುಂಡ್ರಿಸಿದ ಪಾಪ ನನಗ ಬ್ಯಾಡ್ರಿ!" ಎಂದವನೇ ಒಂದು ಫೋಟೋ ಹೊಡೆದುಕೊಂಡು, ನೀರಿನ ಬಾಟಲಿ ಕೊಟ್ಟು, ಹೋಗಿಯೇಬಿಟ್ಟ!

ಆಮೇಲೆ ಶಿಗ್ಲಿ ಕಡೆಯಿಂದ ಬಂದ ಬಸ್ಸಿನಲ್ಲಿ, ಟವೆಲಿನಿಂದ ಮುಖ ಮುಚ್ಚಿಕೊಂಡು ವಿರೂಪಾಕ್ಷಪ್ಪನವರು ಊರು ಮುಟ್ಟಿದರು. ಫೋಟೋ ಅವರಿಗಿಂತ ಮುಂಚೆಯೇ ಮುಟ್ಟಿತ್ತು! ಮನೆ ಮುಂದೆ ಜನ, ಕೈಯಲ್ಲಿ ಹಾರ. ಪಡಸಾಲೆಯಲ್ಲಿ ಗಿರಿಜಾ ಮೀಸೆಯ ಅಪರಿಚಿತರೊಬ್ಬರು ಚಹಾ ಕುಡಿಯುತ್ತಿದ್ದರು.

"ನಾ ಶಿಗ್ಲಿ ಉಡಚಪ್ಪ. ನಮ್ಮ ಕೂಡ ಬರ್ತೀರಂತ ಶಂಕ್ರೆವ್ವ ಫೋನ್ ಮಾಡಿದ್ಲು. ಭಾಳ ಚಲೋ ಆತು. ಶುಕ್ರವಾರ ಹೊಂಡೂದು."

ವಿರೂಪಾಕ್ಷಪ್ಪನವರು ಹೆಂಡತಿಯನ್ನು ಅಡಿಗೆಮನೆಗೆ ಕರೆದು, ಬಾಗಿಲು ಹಾಕಿ, ಮಜ್ಜಿಗೆಯಿಂದ ಬಸ್ಸಿನವರೆಗೆ ಎಲ್ಲವನ್ನೂ ಒಪ್ಪಿಕೊಂಡರು.

"ಏನರ ಮಾಡಿ ತಪ್ಪಿಸು ನೀಲಾ. ಆರಾಮಿಲ್ಲ ಅಂತ ಹೇಳು."

ನೀಲಗಂಗವ್ವ ಕಾಯಿಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟರು.

"ಒಂಬತ್ತ ತಿಂಗಳ ಬಸರಿದು ಒಂದು ಕಾಯಿ ಐತಿ ಅಂದ್ರಿ. ಅದನ್ನೇನು ಚಟ್ನಿ ಅರೀಲ್ಯಾ?"

ವಿರೂಪಾಕ್ಷಪ್ಪನವರಿಗೆ ಶಂಕ್ರೆವ್ವನ ಕಣ್ಣು ನೆನಪಾದವು. ತಲೆ ತಗ್ಗಿಸಿದರು.

"ಹಂಗಾರ... ಹೋಗ್ತೇನಿ. ಗಂಡಿಕೋಟ ಮುಂದಿನ ವರ್ಷ ನೋಡೂಣು."

"ಮುಂದಿನ ವರ್ಷ ಯಾಕ್ರಿ? ಕಾರು ಹೇಳೇತಿ, ರೂಮು ಹಿಡದೈತಿ. ನಾನೂ ನಮ್ಮ ತಂಗಿನೂ ಹೋಗಿ ಬರ್ತೀವಿ. ಆ ಡೈರಿ ಕೊಡ್ರಿ ಇಲ್ಲೆ."

"ಗಂಡನ್ನ ಬಿಟ್ಟು ಗಂಡಿಕೋಟಕ್ಕ?"

"ಗಂಡ ದೇವರ ಕಡೆ ಹೋಗ್ಯಾನಂದ್ರ ಯಾರೂ ಏನೂ ಅನ್ನೂದಿಲ್ಲ!"

ಶುಕ್ರವಾರ ಕೊರಳಲ್ಲಿ ಹಾರ, ಬೆನ್ನಲ್ಲಿ ಹನ್ನೊಂದು ಕಾಯಿ ಹೊತ್ತು ವಿರೂಪಾಕ್ಷಪ್ಪನವರು ಮೂಡಲಕ್ಕೆ ನಡೆದರು. ಶನಿವಾರ ಅದೇ ಮೂಡಲಕ್ಕೆ, ಅವರು ಕುಂಟುತ್ತಿದ್ದ ದಾರಿಯಲ್ಲೇ, ಅಶ್ಫಾಕನ ಕಾರು ಹಾರ್ನ್ ಹೊಡೆಯುತ್ತ ಹಾದುಹೋಯಿತು. ಕಿಟಕಿಯಿಂದ ನಾದಿನಿ ಭಕ್ತಿಯಿಂದ ಕೈ ಮುಗಿದಳು.

ರವಿವಾರ ಸಂಜೆ ಒಂದು ಗುಡಿಯ ಕಟ್ಟೆಯ ಮೇಲೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಾಗ ಉಡಚಪ್ಪ ಧೈರ್ಯ ಹೇಳಿದರು:

"ಇದೇನೂ ಅಲ್ರಿ. ಮುಂದ ಅಡವ್ಯಾಗ ಭೀಮನಕೊಳ್ಳ ಬರತೈತಿ. ಕಣಿವಿ ಅಂದ್ರ ಅದು! ಇಳಿಬೇಕು, ಮತ್ತ ಹತ್ತಬೇಕು. ಹೋದ ವರ್ಷ ಎಪ್ಪತ್ತರ ಮುದುಕಿಯೊಬ್ಬಾಕಿ ಓಡಿ ಹತ್ತಿದ್ಲು."

ವಿರೂಪಾಕ್ಷಪ್ಪನವರು ಬಿಸಿನೀರಿಗೆ ಇನ್ನೊಂದು ಮುಷ್ಟಿ ಉಪ್ಪು ಹಾಕಿಕೊಂಡರು. ಆಗಲೇ ನೀಲಗಂಗವ್ವನ ಫೋನು ಬಂತು. ಹಿಂದೆ ಗಾಳಿ ಭೋರೆನ್ನುತ್ತಿತ್ತು.

"ನೀಲಾ, ಹೆಂಗೈತಿ ಗಂಡಿಕೋಟ?" ಎಂದು ಕೇಳುವಾಗ ಅವರ ದನಿ ಸಣ್ಣದಾಯಿತು. "ನಾ ಇಲ್ಲಂತ ಬ್ಯಾಸರಾತೇನು?"

"ಅಯ್ಯ, ಬ್ಯಾಸರ ಎಲ್ಲೀದ್ರಿ! ಇಲ್ಲಿ ಅಂಚಿನ ಮ್ಯಾಲೆ ನಿಂತು ಏನರ ಒದರಿದ್ರ, ಆಚಿ ಗುಡ್ಡ ತಿರುಗಿ ಮಾತಾಡತೈತಿ. ಇಪ್ಪತ್ತೇಳು ವರ್ಷದಾಗ ನಾ ಒಮ್ಮೆ ಅಂದಿದ್ದಕ್ಕ ಒಮ್ಮೆಗೇ ಓ ಅಂದದ್ದು ಇದೊಂದಽ ಬಂಡೆಗಲ್ಲು ನೋಡ್ರಿ!"